ಅಜೋಲಾ ಸಾಕಿ ಗಾಳಿಯ ಮಾಲಿನ್ಯವನ್ನು ಅರಿಯುವುದು ಹೇಗೆ?

ಕೊಟ್ಟಿಗೆಯ ಹಿಂದಿನ ತೊಟ್ಟಿಯಲ್ಲಿ ದನಗಳ ಮೇವಿಗೆಂದು ಬೆಳೆಸುವ ಅಜೋಲಾ ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ. ಅದರ ಪ್ರತಿ ಎಲೆಯ ಮೇಲಿನ ಹಾಲೆಯೊಳಗೆ ಒಂದು ಪೊಳ್ಳಿದೆ. ಅಲ್ಲಿ ನೆಲೆಸಿರುವ ಸಯನೋಬ್ಯಾಕ್ಟೀರಿಯಾ (ದ್ಯುತಿಸಂಶ್ಲೇಷಣೆ ನಡೆಸಬಲ್ಲ ಬ್ಯಾಕ್ಟೀರಿಯಾ) ಗಾಳಿಯ ಸಾರಜನಕವನ್ನು ಗಿಡ ಬಳಸಬಲ್ಲ ರೂಪಕ್ಕೆ ತಂದುಕೊಟ್ಟರೆ, ಪ್ರತಿಯಾಗಿ ಗಿಡ ಸಕ್ಕರೆ ಒದಗಿಸುತ್ತದೆ. ಒಂದು ಸಾರಜನಕ ಅಣುವನ್ನು ಮುರಿಯಲು ಜೀವಕೋಶದ ಶಕ್ತಿಯ ನಾಣ್ಯವೆನ್ನಬಹುದಾದ ಎಟಿಪಿ ಅಣುಗಳು ಕನಿಷ್ಠ 16 ಬೇಕಾಗುವುದರಿಂದ ಇದು ದುಬಾರಿ ವ್ಯವಹಾರವೇ ಸರಿ. ಸಲ್ಫರ್ ಡೈಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್ ಮತ್ತು ಓಝೋನ್ ಅನಿಲಗಳಿಗೆ ಒಡ್ಡಿದ ಪ್ರಯೋಗಗಳಲ್ಲಿ ಗಿಡದ ಬೆಳವಣಿಗೆಯೂ ಸಾರಜನಕ ಸ್ಥಿರೀಕರಣವೂ ಕುಗ್ಗಿವೆ. ಓಝೋನ್ ಎಲೆಯ ದ್ಯುತಿಸಂಶ್ಲೇಷಣೆಗೇ ಪೆಟ್ಟು ಕೊಡುವುದರಿಂದ ಒಳಗಿನ ಜೊತೆಗಾರನಿಗೆ ಸಿಗುವ ಸಕ್ಕರೆ ಇಳಿಯುತ್ತದೆ.

ಮನೆಯಲ್ಲಿ ನೋಡಬೇಕೆನ್ನುವವರು ಮಳೆಗಾಲವನ್ನು ಬಿಟ್ಟು ಕಾಫಿ ಕುಯ್ಲಿನ ಸಮಯದಲ್ಲಿ ಆರಂಭಿಸಲಿ, ಏಕೆಂದರೆ ಕೊಡಗಿನ ಮುಂಗಾರು ಗಾಳಿಯನ್ನು ತೊಳೆಯುವುದಲ್ಲದೆ ಟಬ್ಬನ್ನೂ ತುಂಬಿ ಹರಿಸುತ್ತದೆ. ಒಂದೇ ಅಳತೆಯ ಎರಡು ಟಬ್ಬುಗಳಿಗೆ ಒಂದೇ ಬಾವಿಯ ನೀರು, ಸಮಪ್ರಮಾಣದ ಗದ್ದೆ ಮಣ್ಣು ಹಾಗೂ ಸಗಣಿ ಹಾಕಿ, ತಲಾ 100 ಗ್ರಾಂ ಅಜೋಲಾ ಬಿಡಬೇಕು. ಒಂದನ್ನು ಲಾರಿ, ಬಸ್ಸು ಓಡಾಡುವ ರಸ್ತೆಯ ಬದಿಗೂ, ಇನ್ನೊಂದನ್ನು ತೋಟದಾಚೆಯ ಗದ್ದೆಯಂಚಿಗೂ ಇಟ್ಟು, ಎರಡಕ್ಕೂ ಒಂದೇ ಬಗೆಯ ನೆರಳುಬಲೆ ಕಟ್ಟಬೇಕು. ವಾರಕ್ಕೊಮ್ಮೆ ಜರಡಿಯಲ್ಲಿ ಸೋಸಿ, ನೀರು ಬಸಿದ ಮೇಲೆ ತೂಗಿ ಬರೆದಿಡಬೇಕು.

ಎಲೆ ಕೆಂಪಾಯಿತೆಂದು ರಸ್ತೆಯನ್ನು ದೂರುವ ಆತುರ ಬೇಡ. ಜನವರಿಯ ಮುಂಜಾವಿನ ಚಳಿ, ರಂಜಕದ ಕೊರತೆ, ಬಿರುಬಿಸಿಲು ಇವೂ ಅಜೋಲಾವನ್ನು ಕೆಂಪಾಗಿಸುತ್ತವೆ; ಎರಡೂ ಟಬ್ಬುಗಳು ಒಟ್ಟಿಗೇ ಕೆಂಪಾದರೆ ಕಾರಣ ಹೊಗೆಯಲ್ಲದಿರಬಹುದು.

ನಿಜವಾದ ಸುಳಿವು ಸೂಕ್ಷ್ಮದರ್ಶಕದಲ್ಲಿದೆ. ಕೊಂಬೆಯ ತುದಿಯಿಂದ ಎಣಿಸಿ ಹತ್ತನೆಯ ಎಲೆಯನ್ನು ಎರಡೂ ಟಬ್ಬುಗಳಿಂದ ತೆಗೆದು, ಹನಿ ನೀರಿನಲ್ಲಿಟ್ಟು ಗಾಜಿನ ಚೂರಿನಿಂದ ಮೆಲ್ಲಗೆ ಒತ್ತಿದರೆ ಸಯನೋಬ್ಯಾಕ್ಟೀರಿಯಾದ ಹಸಿರು ಮಣಿಸರದಂತಹ ಎಳೆಗಳು ಹೊರಬರುತ್ತವೆ; ಒಂದೊಂದು ಮಣಿಯೂ ಒಂದು ಜೀವಕೋಶ. ಸರದಲ್ಲಿ ಅಲ್ಲಲ್ಲಿ ಕಾಣುವ ದಪ್ಪ ಗೋಡೆಯ, ಮಂಕಾದ ಮಣಿಗಳೇ ಹೆಟೆರೋಸಿಸ್ಟ್‌ಗಳು. ಸಾರಜನಕ ಸ್ಥಿರೀಕರಣ ನಡೆಯುವುದು ಇವುಗಳಲ್ಲೇ. ಬಲಿತ ಎಲೆಗಳಲ್ಲಿ ನೂರು ಮಣಿಗಳಿಗೆ 20ರಿಂದ 30ರಷ್ಟು ಇರುತ್ತವೆ, ತುದಿಯ ಎಳೆ ಎಲೆಗಳಲ್ಲಿ ಬಹುತೇಕ ಇರುವುದೇ ಇಲ್ಲ. ಆದ್ದರಿಂದಲೇ ಹತ್ತನೆಯ ಎಲೆಯೆಂಬ ನಿಯಮ. ಪ್ರತಿ ಟಬ್ಬಿನ ಐದಾರು ಗಿಡಗಳಲ್ಲಿ ನೂರು ಮಣಿಗಳಿಗೆ ಎಷ್ಟು ಹೆಟೆರೋಸಿಸ್ಟ್‌ಗಳಿವೆಯೆಂದು ಎಣಿಸಿ ಸರಾಸರಿ ತೆಗೆಯಿರಿ. ರಸ್ತೆಬದಿಯ ಟಬ್ಬಿನಲ್ಲಿ ಮಾತ್ರ ಅವು ಕಡಿಮೆಯಿದ್ದರೆ ಗಾಳಿಯ ಮೇಲೆ ಅನುಮಾನ ಪಡಬಹುದು.

ಯಾವ ಅನಿಲ ಎಷ್ಟಿದೆಯೆಂಬುದನ್ನು ಈ ಎಣಿಕೆ ಹೇಳಲಾರದು. ಆದರೆ ಬಣ್ಣ ಮರೆಮಾಚಿದ್ದನ್ನು ಅದು ತೋರಿಸಬಲ್ಲದು: ನೈಟ್ರೋಜನ್ ಡೈಆಕ್ಸೈಡ್ ನೀರಿನಲ್ಲಿ ಕರಗಿ ಸಿದ್ಧ ಸಾರಜನಕವಾಗಿ ಒದಗಿದಾಗ ಗಿಡ ಹಸಿರಾಗಿಯೇ ಉಳಿದು, ಪೊಳ್ಳಿನೊಳಗಿನ ಜೊತೆಗಾರ ಮಾತ್ರ ಕೆಲಸ ಕಡಿಮೆ ಮಾಡಿರಬಹುದು.