ಆಂಟಿವೈರಸ್ ಮತ್ತು ಮೇಲ್ ಸರ್ಟಿಫಿಕೇಟ್ ಜಗಳ: ನನಗೆ ಬಗೆಹರಿದ ಬಗೆ

ವಿಂಡೋಸ್ ಕಂಪ್ಯೂಟರಿನಲ್ಲಿ ನಾನು ಮೇಲ್ ಓದುವ ಪ್ರೋಗ್ರಾಂ ಆದ ಥಂಡರ್‌ಬರ್ಡ್‌ಗೆ ಮೇಲ್ ಬರುವುದು ಏಕಾಏಕಿ ನಿಂತಿತ್ತು. ಸರ್ವರಿನ ಸರ್ಟಿಫಿಕೇಟ್ (ಸರ್ವರ್ ಅಸಲಿ ಎಂದು ಸಾರುವ ಡಿಜಿಟಲ್ ಗುರುತಿನ ಚೀಟಿ) ನಂಬುವಂತಿಲ್ಲ ಎಂಬ ಎಚ್ಚರಿಕೆ ಬೇರೆ. ಅದೇ ಖಾತೆ ಫೋನಿನಲ್ಲಿ ಸರಾಗ. ಪಾಸ್‌ವರ್ಡ್ ಸರಿ, ಮೇಲ್ ಸರ್ವರನ್ನು ಸೇರುವ ಪೋರ್ಟ್ ಸಂಖ್ಯೆ 993 ಸರಿ, ಕಂಪ್ಯೂಟರಿನ ದಿನಾಂಕವೂ ಸರಿ.

ಎಚ್ಚರಿಕೆಯಲ್ಲೇ ಸರ್ಟಿಫಿಕೇಟ್ ತೆರೆದು ನೋಡಿದಾಗ ಗುಟ್ಟು ರಟ್ಟಾಯಿತು. ಅದನ್ನು ಕೊಟ್ಟವರ ಜಾಗದಲ್ಲಿ ನನ್ನ ಆಂಟಿವೈರಸ್ಸಿನ ಹೆಸರು! ಟಿಎಲ್ಎಸ್ ಎಂಬ ಸುರಕ್ಷತಾ ವಿಧಾನದ ಮೂಲಕ ಗೂಢಲಿಪಿಯಲ್ಲಿ ಬರುವ ಮೇಲನ್ನು ಅದು ಓದಬೇಕೆಂದರೆ ನಡುವೆ ನಿಲ್ಲಲೇಬೇಕು. ಅಂಚೆಯವನು ಲಕೋಟೆ ಒಡೆದು ಓದಿ, ತನ್ನದೇ ಅರಗಿನ ಮುದ್ರೆ ಒತ್ತಿ ಕೊಟ್ಟಂತೆ. ಆಂಟಿವೈರಸ್ ತನ್ನ ರೂಟ್ ಸರ್ಟಿಫಿಕೇಟನ್ನು (ಉಳಿದವಕ್ಕೆ ಸಹಿ ಹಾಕುವ ಮೂಲ ಸರ್ಟಿಫಿಕೇಟ್) ವಿಂಡೋಸ್‌ಗೆ ಸೇರಿಸಿರುವುದರಿಂದ ವಿಂಡೋಸ್ ಆ ಮುದ್ರೆಯನ್ನು ನಂಬುತ್ತದೆ. ಥಂಡರ್‌ಬರ್ಡ್‌ಗೆ ತಾನು ನಂಬುವ ರೂಟ್ ಸರ್ಟಿಫಿಕೇಟುಗಳ ತನ್ನದೇ ಪಟ್ಟಿಯಿದೆ. ನನ್ನದರಲ್ಲಿ ಆ ರೂಟ್ ಇರಲಿಲ್ಲ.

ಎಕ್ಸೆಪ್ಷನ್ ಸೇರಿಸುವ, ಅಂದರೆ ಆ ಸರ್ಟಿಫಿಕೇಟನ್ನು ಹಾಗೆಯೇ ಒಪ್ಪಿಕೊಳ್ಳುವ ಬಟನ್ ಕಣ್ಣೆದುರೇ ಇತ್ತು, ಒತ್ತಲಿಲ್ಲ. ಅದು ಎಚ್ಚರಿಕೆಯ ಬಾಯಿ ಮುಚ್ಚಿಸುತ್ತದೆ, ಅಷ್ಟೇ. ಆಂಟಿವೈರಸ್ ಸೆಟ್ಟಿಂಗ್ಸ್‌ಗೆ ಹೋಗಿ ಇಮೇಲ್ ಸ್ಕ್ಯಾನ್ ಒಂದನ್ನು ಮಾತ್ರ ಆಫ್ ಮಾಡಿ, ಥಂಡರ್‌ಬರ್ಡ್ ಮುಚ್ಚಿ ಮತ್ತೆ ತೆರೆದೆ. ಸರ್ವರಿನ ಅಸಲಿ ಸರ್ಟಿಫಿಕೇಟ್ ಬಂತು, ಹಿಂದೆಯೇ ಮೇಲ್‌ಗಳೂ.

ಹಾಗಾದರೆ ವೈರಸ್ ಬಂದರೆ? ಅಟ್ಯಾಚ್‌ಮೆಂಟ್ ಸೇವ್ ಮಾಡಿದಾಗಲೋ ತೆರೆದಾಗಲೋ ರಿಯಲ್‌ಟೈಮ್ ರಕ್ಷಣೆ ಅದನ್ನು ಹೇಗೂ ತಪಾಸಣೆ ಮಾಡುತ್ತದೆ. ಅದನ್ನಂತೂ ಆಫ್ ಮಾಡಬೇಡಿ. ಇನ್ನೊಂದು ವಿಷಯ: ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರಿನ ಮೇಲ್‌ಗಳನ್ನೆಲ್ಲ ಒಂದೇ ಫೈಲಿನಲ್ಲಿಡುತ್ತದೆ. ಒಂದು ಕೆಟ್ಟ ಮೇಲ್‌ಗಾಗಿ ಆಂಟಿವೈರಸ್ ಇಡೀ ಇನ್‌ಬಾಕ್ಸನ್ನೇ ಕ್ವಾರಂಟೈನ್‌ಗೆ ತಳ್ಳಿಬಿಡಬಹುದು. ಅದಕ್ಕೇ ಆ ಫೈಲುಗಳಿರುವ ಪ್ರೊಫೈಲ್ ಫೋಲ್ಡರನ್ನೂ ಸ್ಕ್ಯಾನ್‌ನಿಂದ ಹೊರಗಿಟ್ಟಿದ್ದೇನೆ.