ರಜೆ ಹಾಕದ ಸಿಸ್ಟರ್ ಒಬ್ಬರ ಫೈಲು

ಮೊದಲ ಮಹಾಯುದ್ಧಕ್ಕೆ ಹೋಗಿದ್ದ ಆಸ್ಟ್ರೇಲಿಯದ ನರ್ಸುಗಳ ಫೈಲು ಓದಲು ಕೂತಾಗ ನಾನು ಮಾಡಿದ ಮೊದಲ ತಪ್ಪು ಅಂದರೆ ಸರ್ವಿಸ್ ರೆಕಾರ್ಡನ್ನು, ಅಂದರೆ ಸೇನೆ ಬರೆದಿಟ್ಟ ಸೇವೆಯ ದಾಖಲೆಯನ್ನು, ಪೂರ್ತಿ ನಂಬಿದ್ದು. ಅದು ಸಿಗುವುದು ಕಷ್ಟವಲ್ಲ. ಅಲ್ಲಿನ ನ್ಯಾಷನಲ್ ಆರ್ಕೈವ್ಸ್‌ನ ಬಿ2455 ಸರಣಿಯಲ್ಲಿದೆ, ಸ್ಕ್ಯಾನ್ ಆಗಿದೆ, ಮನೆಯಲ್ಲೇ ಕೂತು ಓದಬಹುದು. ನಾನು ಕೈಗೆತ್ತಿಕೊಂಡದ್ದು 1915ರಲ್ಲಿ ಗ್ರೀಸಿನ ಲೆಮ್ನೋಸ್ ದ್ವೀಪದಲ್ಲಿದ್ದ ಒಬ್ಬ ಸಿಸ್ಟರ್‌ದು. ಅಷ್ಟು ವರ್ಷದ ಸೇವೆಯಲ್ಲಿ ಕಾಯಿಲೆ ಬಿದ್ದದ್ದಕ್ಕೆ ಇದ್ದದ್ದು ಒಂದೇ ಸಾಲು. ಗಟ್ಟಿ ಜೀವ ಅಂದುಕೊಂಡೆ.

ಆಮೇಲೆ ಅವರ ಪಿಂಚಣಿ ಫೈಲು, ಅಂದರೆ ಯುದ್ಧದಿಂದ ಬಂದ ಕಾಯಿಲೆಗೆ ಪಿಂಚಣಿ ಕೇಳಿ ಹಾಕಿದ ಅರ್ಜಿಯ ಕಾಗದಗಳನ್ನು, ತರಿಸಿದೆ. ಅಬ್ಬಾ, ಅದರ ದಪ್ಪ! ಹೊಟ್ಟೆ ಕೆಟ್ಟಿದ್ದು ಸರಿಯಾಗಲೇ ಇಲ್ಲ, ಕೀಲುನೋವು, ನಿದ್ದೆ ಇಲ್ಲ, ವಾರ್ಡಿನಲ್ಲಿ ನಿಲ್ಲಲು ಆಗುತ್ತಿಲ್ಲ, ನಿಲ್ಲದಿದ್ದರೆ ಸಂಬಳ ಇಲ್ಲ. ಸೇನೆಯ ನರ್ಸಾಗಲು ಮದುವೆ ಆಗಿರಬಾರದು ಇಲ್ಲವೇ ವಿಧವೆಯಾಗಿರಬೇಕು ಅಂತ ಆಗ ನಿಯಮ ಇತ್ತು. ಹಾಗಾಗಿ ಎಷ್ಟೋ ಜನಕ್ಕೆ ಮುಂದೆಯೂ ದುಡಿದು ಹಾಕುವವರು ಯಾರೂ ಇರಲಿಲ್ಲ. ಆದರೆ ಯುದ್ಧದಿಂದ ಮರಳಿದವರ ಪಿಂಚಣಿ ನೋಡಿಕೊಳ್ಳುತ್ತಿದ್ದ ರಿಪ್ಯಾಟ್ರಿಯೇಶನ್ ಇಲಾಖೆಗೆ ಬೇಕಿದ್ದದ್ದು ಒಂದೇ: ಈ ಕಾಯಿಲೆ ಯುದ್ಧದ ಸೇವೆಯಿಂದಲೇ ಬಂತು, ಇಲ್ಲವೇ ಅದರಿಂದ ಜಾಸ್ತಿಯಾಯಿತು ಅನ್ನೋದಕ್ಕೆ ಆಧಾರ. ಆ ಒಂದು ಸಾಲಿನ ರೆಕಾರ್ಡು ಇವರ ಪರವಾಗಿ ಏನು ಹೇಳೀತು? ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ, ಇದೆಲ್ಲ ವಯಸ್ಸಿನದು ಅಂತ ಗೀಚಿದ್ದರು. ಓದಿ ಸಿಟ್ಟು ಬಂತು, ಸುಳ್ಳು ಹೇಳಲ್ಲ.

ಅಲ್ಲಿಂದ ನಾನು ಓದುವ ಕ್ರಮವನ್ನೇ ಬದಲಾಯಿಸಿದೆ. ಒಂದು ದೊಡ್ಡ ಹಾಳೆಗೆ ಮೂರು ಗೆರೆ ಎಳೆದು ಮೊದಲ ಕಲಮ್ಮಿಗೆ ಸರ್ವಿಸ್ ರೆಕಾರ್ಡಿನ ತಾರೀಖು, ಎರಡನೆಯದಕ್ಕೆ ಅರ್ಜಿಯಲ್ಲಿ ಅವರೇ ಹೇಳಿದ್ದು, ಮೂರನೆಯದಕ್ಕೆ ಅದೇ ದಿನಗಳಲ್ಲಿ ಅದೇ ಜಾಗದಲ್ಲಿದ್ದ ಬೇರೆ ನರ್ಸುಗಳ ಡೈರಿ, ಪತ್ರ. ಇವು ಕ್ಯಾನ್‌ಬೆರಾದ ವಾರ್ ಮೆಮೋರಿಯಲ್‌ನಲ್ಲಿ ಸಿಗುತ್ತವೆ. ತುಂಬಿದ್ದು ಮೂರನೆಯ ಕಲಮ್ಮು. ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಗ್ರೇಸ್ ವಿಲ್ಸನ್ ಅವರ ಗುಂಪು ಆಗಸ್ಟ್‌ನಲ್ಲಿ ದ್ವೀಪಕ್ಕೆ ಬಂದಾಗ ಆಸ್ಪತ್ರೆಯ ಸಾಮಾನೇ ಬಂದಿರಲಿಲ್ಲ. ಹತ್ತಿರದ ಟರ್ಕಿಯ ಗಲ್ಲಿಪೋಲಿ ರಣರಂಗದಿಂದ ಬಂದ ಗಾಯಾಳುಗಳು ನೆಲದ ಮೇಲೆ, ಬ್ಯಾಂಡೇಜಿಗೆ ತಮ್ಮ ಬಟ್ಟೆಯನ್ನೇ ಹರಿಯಬೇಕಾಯಿತು, ನೀರಿಗೆ ಪರದಾಟ, ಎಲ್ಲ ಕಡೆ ಆಮಶಂಕೆ. ಚಳಿಗಾಲ ಬಂದಾಗಲೂ ಗುಡಾರವೇ.

ಅಂಥಲ್ಲಿ ಒಬ್ಬರಿಗೂ ಕಾಯಿಲೆ ಬರಲಿಲ್ಲ ಅಂದರೆ ನಂಬೋದು ಹೇಗೆ? ಬಂದಿತ್ತು, ಬರೆಸಲಿಲ್ಲ ಅಷ್ಟೇ. ನಾನೂ 20 ವರ್ಷ ವಾರ್ಡಿನಲ್ಲಿದ್ದವಳು, ಎಷ್ಟು ಸಲ ಜ್ವರದ ಮಾತ್ರೆ ನುಂಗಿ ನೈಟ್ ಡ್ಯೂಟಿ ಮುಗಿಸಿಲ್ಲ! ನಾನು ಮಲಗಿದರೆ ಪಕ್ಕದವಳಿಗೆ ಡಬಲ್ ಡ್ಯೂಟಿ, ಅಲ್ವಾ? ನನ್ನ ಆ ಜ್ವರಗಳೂ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಗ್ರೀಸಿನ ಇನ್ನೊಂದು ರಣರಂಗ ಸಲೋನಿಕಾಗೆ ಹೋದ ನರ್ಸುಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ಮಲೇರಿಯಾ, ಅದಕ್ಕೊಂದು ಹೆಸರಿದೆ, ಮತ್ತೆ ಮತ್ತೆ ಮರುಕಳಿಸುತ್ತದೆ. ನಿದ್ದೆ ಬಾರದಿದ್ದದ್ದಕ್ಕೆ, ನರ ಸೋತಿದ್ದಕ್ಕೆ ಅಂಥ ಗುರುತಿಲ್ಲ. 1936ರಲ್ಲಿ ಸರ್ವಿಸ್ ಪಿಂಚಣಿ ಬಂದಮೇಲೆ ಹೆಂಗಸರಿಗೆ 55 ತುಂಬಿದರೆ ಯುದ್ಧದ ಕಾಯಿಲೆ ಅಂತ ಸಾಬೀತು ಮಾಡದೆಯೇ ಅರ್ಜಿ ಹಾಕುವ ದಾರಿ ಒಂದಾಯಿತು.

ನನ್ನ ಸಿಸ್ಟರ್‌ಗೆ ಕೈಹಿಡಿದದ್ದು ಜೊತೆಗೆ ಒಂದೇ ಗುಡಾರದಲ್ಲಿದ್ದವರ ಒಂದು ಪತ್ರ. ಈಕೆ ರಾತ್ರಿಯಿಡೀ ಎದ್ದು ಹೊರಗೆ ಹೋಗುತ್ತಿದ್ದಳು, ಬೆಳಿಗ್ಗೆ ಡ್ಯೂಟಿಗೆ ಹಾಜರಾಗುತ್ತಿದ್ದಳು ಅಂತ ಅದರಲ್ಲಿದೆ. ಕೊನೆಗೆ ಹೊಟ್ಟೆಯ ಕಾಯಿಲೆಯನ್ನು ಒಪ್ಪಿದರು. ಕೀಲುನೋವನ್ನು ಒಪ್ಪಲಿಲ್ಲ.