ರವಿವಾರದ ಗಂಜ್ ಹುಡುಕಾಟ

ವಾರವೆಲ್ಲ ವಿಜಯಪುರದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುತ್ತೇನೆ. ರವಿವಾರ ಬೆಳಿಗ್ಗೆ ಸೈಕಲ್ ಹತ್ತಿ ಗಂಜ್ ಹುಡುಕಲು ಹೋಗುತ್ತೇನೆ. ನಮ್ಮವ್ವನ ಪ್ರಕಾರ ಎರಡೂ ಕೆಲಸವಲ್ಲ.

ಗಂಜ್ ಅಂದರೆ ಆದಿಲ್‌ಶಾಹಿ ಕಾಲದ ನೀರಿನ ಗೋಪುರ. ಗೋಳಗುಮ್ಮಟ ನೋಡಲು ಬಂದವರು ಇವುಗಳ ಪಕ್ಕದಲ್ಲೇ ಆಟೋದಲ್ಲಿ ಹಾದು ಹೋಗುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಇದೆ, 1651ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಕಟ್ಟಿದ್ದು. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿತ್ತು. ಕೊಳವೆಯ ಸುತ್ತ ಗಾರೆ ಹಾಕಿ ನೆಲದೊಳಗೆ ಹೂತಿದ್ದರು. ಆದರೂ ಮಣ್ಣಿನ ಕೊಳವೆ ಎಷ್ಟಂತ ಒತ್ತಡ ತಡೆದೀತು? ಅದಕ್ಕೇ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಕಟ್ಟಿದರು. ಎತ್ತರ 25ರಿಂದ 40 ಅಡಿ. ನೀರು ಅದರೊಳಗೆ ಮೇಲೇರಿ ಒತ್ತಡ ಕಳೆದುಕೊಳ್ಳುತ್ತಿತ್ತು, ಕೆಸರು ತಳದಲ್ಲಿ ಕೂರುತ್ತಿತ್ತು, ತಿಳಿನೀರು ಮುಂದಕ್ಕೆ ಹೋಗುತ್ತಿತ್ತು. ಒಂದೇ ಸಲ ಸಾವಿರಾರು ರಿಕ್ವೆಸ್ಟ್ ಬಂದು ಸಿಸ್ಟಂ ಮಲಗದಿರಲಿ ಅಂತ ಕೋಡ್ ಬರೆಯುವ ನಾವು ನಡುವೆ ಕ್ಯೂ, ಅಂದರೆ ಅವು ಸರದಿಗೆ ಕಾಯುವ ಸಾಲು, ಇಡುತ್ತೇವಲ್ಲ, ಅದೇ ಲೆಕ್ಕ. ಇದು ಹೊಳೆದ ದಿನದಿಂದ ನನಗೆ ಹುಚ್ಚು ಹಿಡಿದಿದೆ.

ಹುಡುಕುವುದು ಹೀಗೆ. ಮೊದಲು ಉಪಗ್ರಹದ ಚಿತ್ರ ತೆರೆದು ನೆರಳು ನೋಡುತ್ತೇನೆ. ಮೇಲಿಂದ ನೋಡಿದರೆ ಗಂಜ್ ಒಂದು ಸಣ್ಣ ಚೌಕ ಅಷ್ಟೆ, ಯಾರದೋ ಮನೆಯ ನೀರಿನ ಟಾಕಿಯಂತೆಯೇ ಕಾಣುತ್ತದೆ. ಆದರೆ ಬಿಸಿಲು ಓರೆಯಾಗಿದ್ದಾಗ ತೆಗೆದ ಚಿತ್ರದಲ್ಲಿ ಅದರ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಎರಡು ಗಂಜ್ ಸಿಕ್ಕರೆ ನಡುವೆ ಗೆರೆ ಎಳೆದು, ಅದೇ ಗೆರೆಯನ್ನು ಮುಂದಕ್ಕೆ ಬೆಳೆಸಿ ಮೂರನೆಯದನ್ನು ಹುಡುಕುತ್ತೇನೆ. ಎಷ್ಟೋ ಸಲ ಆ ಗೆರೆ ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ ಹೋಗಿ ನಿಲ್ಲುತ್ತದೆ, ಅದು ಬೇರೆ ಮಾತು. ಸಿಕ್ಕಿದ್ದನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸುತ್ತೇನೆ. ಅಲ್ಲಿ ಯಾರು ಬೇಕಾದರೂ ನಕ್ಷೆ ತಿದ್ದಬಹುದು, ಆದರೆ ಗೂಗಲ್ ನಕ್ಷೆಯಿಂದ ನಕಲು ಮಾಡುವಂತಿಲ್ಲ. ಹಾಗಾಗಿ ಜಾಗಕ್ಕೆ ಹೋಗಿ ಫೋನಿನ ಜಿಪಿಎಸ್‌ನಲ್ಲೇ ಗುರುತು ಹಾಕಬೇಕು. ಬಯಲಿನಲ್ಲಿ ಅದು ಸರಿಯಾಗಿ ತೋರಿಸುತ್ತದೆ. ಹಳೇ ಓಣಿಗಳಲ್ಲಿ ಮಾತ್ರ ನಾನು ಈ ಮನೆಯ ಮುಂದೆ ನಿಂತಿದ್ದರೆ, ಅದು ನನ್ನನ್ನು ಹಿಂದಿನ ಓಣಿಯ ಹಿತ್ತಲಲ್ಲಿ ನಿಲ್ಲಿಸಿರುತ್ತದೆ.

ಆಮೇಲೆ ಜನರನ್ನು ಕೇಳಬೇಕು. ನಿಜವಾದ ಮಜಾ ಇರುವುದೇ ಇಲ್ಲಿ. ಸೈಕಲ್, ಹೆಲ್ಮೆಟ್, ಕೈಯಲ್ಲಿ ಫೋನು, ಗೋಡೆ ಕಡೆಗೇ ಕಣ್ಣು. ಇಂಥವನನ್ನು ಕಂಡರೆ ಎಲ್ಲರಿಗೂ ರಸ್ತೆ ಅಗಲ ಮಾಡಲು ಅಳತೆಗೆ ಬಂದವನಂತೆಯೇ ಅನಿಸುತ್ತದೆ. ಒಂದು ಓಣಿಯಲ್ಲಿ ಹೆಂಗಸೊಬ್ಬರು ಕಸಬರಿಗೆ ಹಿಡಿದುಕೊಂಡೇ ಬಂದರು. "ಎಷ್ಟ್ ಫೂಟ್ ಒಡೀತೀರಿ? ಈಗ ಹೇಳ್ರಿ." ನಾನು ಆಫೀಸಿನವನಲ್ಲ, ಹಳೇ ಗಂಜ್ ನೋಡಲು ಬಂದವನು ಅಂದೆ. ಅವರು ನಂಬಲಿಲ್ಲ. ಒಳಗಿಂದ ಅವರ ಅತ್ತೆ ಬಂದರು. "ಗಂಜ್ ನಮ್ಮ ಹಿತ್ತಲದಾಗೇ ಐತಿ, ಬಾ ತಮ್ಮಾ" ಅಂತ ಕರೆದುಕೊಂಡು ಹೋದರು. ಹೌದು, ಅಲ್ಲೇ ಇತ್ತು! ಬುಡಕ್ಕೆ ಎಮ್ಮೆ ಕಟ್ಟಿದ್ದರು, ಬಿಸಿಲು ಬೀಳುವ ಗೋಡೆಗೆ ಕುಳ್ಳು ತಟ್ಟಿದ್ದರು, ಮೇಲಿನ ಬಿರುಕಿನಲ್ಲಿ ಅರಳಿ ಗಿಡ ಚಿಗುರಿತ್ತು. ಒಂದು ಕಡೆ ಗಾರೆ ಉದುರಿ, ಒಳಗಿದ್ದ ಮಣ್ಣಿನ ಕೊಳವೆಯ ಬಾಯಿ ಕಾಣುತ್ತಿತ್ತು. ಅಂಚು ಇನ್ನೂ ನುಣುಪಾಗಿತ್ತು. ಅದರಿಂದ ನೀರು ಹೇಗೆ ಬರುತ್ತಿತ್ತು ಅಂತ ನಾನು ಖುಷಿಯಲ್ಲಿ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು. "ಅದೆಲ್ಲಾ ಖರೆ. ನಮ್ಮ ನಳಕ್ಕ ನೀರು ಯಾವಾಗ ಬರ್ತಾವ, ಅದನ್ನಷ್ಟ ಹೇಳು." ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಚಹಾ ಕುಡಿದು ಹೊರಟೆ.

ಆಫೀಸಿನ ಗೆಳೆಯರು ಬಂದರೆ ಅವರಿಗೂ ಇದೇ ಗತಿ. ಮೊದಲು ಗೋಳಗುಮ್ಮಟ ತೋರಿಸಲೇಬೇಕು, ಇಲ್ಲದಿದ್ದರೆ ಊರಿಗೆ ಬಂದಂತೆ ಆಗುವುದಿಲ್ಲ. ಬಾಗಿಲು ತೆರೆಯುತ್ತಲೇ ಒಳಗೆ ನುಗ್ಗಬೇಕು. ಶಾಲೆ ಮಕ್ಕಳ ಬಸ್ಸು ಬಂದ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಾಟ ಬಿಟ್ಟರೆ ಏನೂ ಕೇಳಿಸುವುದಿಲ್ಲ. ಅಲ್ಲಿಂದ ತಾಜ್ ಬಾವಡಿ. 1620ರ ಸುಮಾರಿಗೆ ಕಟ್ಟಿದ ಬಾವಿ ಅದು, ದೊಡ್ಡ ಕಮಾನಿನ ಕೆಳಗೆ ನಿಂತರೆ ಬಾವಿ ಅನ್ನಲು ಬಾಯಿ ಬರುವುದಿಲ್ಲ, ಕೆರೆಯಷ್ಟಿದೆ. ಬೆಂಗಳೂರಿನ ಹುಡುಗಿಯೊಬ್ಬಳು ಅಲ್ಲಿ ನಿಂತು, "ಇಷ್ಟು ನೀರು ನಮ್ಮ ಅಪಾರ್ಟ್‌ಮೆಂಟಿಗೆ ಎಷ್ಟು ಟ್ಯಾಂಕರ್ ಆಗುತ್ತೆ?" ಅಂತ ಲೆಕ್ಕ ಹಾಕುತ್ತಿದ್ದಳು. ಊರೂರಿಗೆ ಅವರವರ ಚಿಂತೆ.

ಬರುವವರಿಗೆ ಒಂದೆರಡು ಮಾತು. ದಸರೆ ಮುಗಿದ ಮೇಲೆ ಬನ್ನಿ, ಬೇಸಿಗೆಯಲ್ಲಿ ಒಂಬತ್ತು ಗಂಟೆಗೇ ತಲೆ ಕಾಯುತ್ತದೆ. ಗಂಜ್ ಮುಟ್ಟುವ ಮುಂಚೆ ತಲೆ ಎತ್ತಿ ನೋಡಿ, ಕೆಲವಕ್ಕೆ ಹೆಜ್ಜೇನು ಕಟ್ಟಿರುತ್ತದೆ. ಹತ್ತಲು ಹೋಗಬೇಡಿ, ಹಳೇ ಗಾರೆ ಕೈಗೇ ಕಿತ್ತು ಬರುತ್ತದೆ. ಮನೆಯವರನ್ನು ಕೇಳದೆ ಹಿತ್ತಲಿಗೆ ಕಾಲಿಡಬೇಡಿ, ಎಮ್ಮೆ ಸುಮ್ನೆ ಇರುತ್ತದೆ, ನಾಯಿ ಇರುವುದಿಲ್ಲ.

ಬೇಗಂ ತಲಾಬ್ ಕಡೆಯ ಸಾಲು ನಕ್ಷೆಯಲ್ಲಿ ಸುಮಾರಾಗಿ ಕೂತಿದೆ. ಊರ ಹೊರಗಿನ ತೊರವಿ ಹಳ್ಳಿ ಕಡೆಯದು ಬಾಕಿ ಇದೆ. ಅಲ್ಲಿ ನೀರು ಸುರಂಗದಲ್ಲಿ ಬರುತ್ತಿತ್ತು, ಅದಕ್ಕೆ ಕರೇಜ್ ಅನ್ನುತ್ತಾರೆ. ನೆಲದ ಮೇಲೆ ಕಾಣುವುದು ಅದರ ಗಾಳಿಬಾವಿಗಳು ಮಾತ್ರ, ಅವುಗಳ ನೆರಳು ಬೀಳುವುದಿಲ್ಲ. ಹಾಗಾಗಿ ಉಪಗ್ರಹದ ಉಪಾಯ ಅಲ್ಲಿ ನಡೆಯಲ್ಲ, ಹೊಲದವರನ್ನೇ ಕೇಳಬೇಕು. ಈಗ ಹೊಲದಲ್ಲಿ ಜೋಳ ಎದೆ ಮಟ್ಟ ನಿಂತಿದೆ. ರಾಶಿ ಮುಗಿಯಲಿ ಅಂತ ಕಾಯುತ್ತಿದ್ದೇನೆ.